ಕಾಯೆತಾನ್ ಬಚ್ಚಿಟ್ಟ ಪತ್ರಿಕೆ

ಕಾಯೆತಾನ್ ಬ್ಲಾಷ್ಕೆಯ ಬಗ್ಗೆ ಯಾರೂ ಏನೂ ಬರೆದಿಲ್ಲ, ಬರೆಯುವುದೂ ಇಲ್ಲ. ಅವನೊಬ್ಬ ಮಾಣಿ. ವಿಯೆನ್ನಾದಲ್ಲಿ ಕಾಫಿ ಕೊಡುವ ಮಾಣಿಗಳಿಗೇನು ಬರವೇ? ಆದರೆ ಲಾಂಬರ್ಟ್ ಟ್ರಾಟ್ನರ್ ಬಗ್ಗೆ ಈಗ ಎಲ್ಲರೂ ಬರೆಯುತ್ತಾರೆ. ಮಹಾ ಪಿಯಾನೋ ವಾದಕ, ಮಹಾ ಸಂಗೀತ ರಚನೆಕಾರ, ಮಹಾ ಹೃದಯವಂತ! ಓದಿದರೆ ನನ್ನ ಮೈಯೆಲ್ಲ ಉರಿಯುತ್ತದೆ. ಬದುಕಿದ್ದಾಗ ಆ ಮನುಷ್ಯನಿಗೆ ಹೃದಯವೇ ಇಲ್ಲ ಎಂದು ಬರೆದವರೂ ಇವರೇ. ಅದಕ್ಕೇ ನಾನು, ಆ ಕಾಫಿಮನೆಯ ಗಲ್ಲಾದ ಹಿಂದೆ ಕೂತು ಕೂತೇ ಮುದುಕಿಯಾದ ಲೇನಿ, ಕಾಯೆತಾನ್ ಕಥೆ ಹೇಳಲು ಹೊರಟಿದ್ದೇನೆ. ಟ್ರಾಟ್ನರ್ ಕಥೆ ಅದರೊಳಗೇ ಬರುತ್ತದೆ.

ಕಾಯೆತಾನ್ ಮೊರಾವಿಯಾ ಕಡೆಯವನು. ಎಳೆ ಪ್ರಾಯದಲ್ಲೇ ಕೆಲಸ ಹುಡುಕಿಕೊಂಡು ನಡೆದೇ ಈ ಊರಿಗೆ ಬಂದವನು. ನಾನು ಯೋಸೆಫ್‌ಸ್ಟಾಟ್‌ನ ನಮ್ಮ ಕಾಫಿಮನೆಗೆ ಸೇರುವ ಹೊತ್ತಿಗೆ ಅವನಾಗಲೇ ಹಿರೇ ಮಾಣಿ. ಚಪ್ಪಟೆ ಪಾದ, ಮೊಣಕೈ ಸವೆದು ಮಿರಮಿರ ಎನ್ನುವ ಕರಿ ಕೋಟು, ಜೋತುಬಿದ್ದ ಕಿವಿ. ಸಂಗೀತದ ಗಂಧವೇ ಇಲ್ಲ. ಚಕ್ರವರ್ತಿಯ ಹುಟ್ಟುಹಬ್ಬದ ದಿನ ಎಲ್ಲರೂ ಎದ್ದು ನಿಂತು ಹಾಡುವಾಗ ನಮ್ಮ ಯಜಮಾನರು ಅವನ ಕಿವಿಯ ಹತ್ತಿರ ಬಗ್ಗಿ, "ಬಾಯಿ ಮಾತ್ರ ಆಡಿಸು ಮಾರಾಯ, ದನಿ ತೆಗೀಬೇಡ, ಗಿರಾಕಿಗಳು ಓಡಿಹೋಗ್ತಾರೆ" ಎನ್ನುತ್ತಿದ್ದರು. ಅವನಿಗೆ ಅದರಿಂದ ಬೇಸರವೇನೂ ಆಗುತ್ತಿರಲಿಲ್ಲ. ಬಾಯಿ ಆಡಿಸುತ್ತ, ಕಣ್ತುಂಬ ನೀರು ತಂದುಕೊಂಡು ನಿಲ್ಲುತ್ತಿದ್ದ.

ಈ ಊರಿನ ಮಾಣಿಗಳಿಗೆಲ್ಲ ಒಂದು ರೂಢಿಯಿದೆ. ಬಂದವರನ್ನು ಇರುವುದಕ್ಕಿಂತ ಒಂದು ಮೆಟ್ಟಿಲು ಮೇಲೆ ಹತ್ತಿಸಿಯೇ ಕರೆಯುವುದು. ಗುಮಾಸ್ತನಿಗೆ 'ಸಲಹೆಗಾರರೇ', ಕನ್ನಡಕ ಹಾಕಿದವನಿಗೆ 'ಡಾಕ್ಟರೇ', ನಿಜವಾದ ಡಾಕ್ಟರಿಗೆ 'ಪ್ರೊಫೆಸರೇ', ಒಳ್ಳೆಯ ಬೂಟು ಹಾಕಿದವನು ಯಾರೇ ಇರಲಿ 'ಬ್ಯಾರನ್ ಸಾಹೇಬರೇ'. ಬೇರೆಯವರು ಇದನ್ನು ಭಕ್ಷೀಸಿಗಾಗಿ ಮಾಡುತ್ತಿದ್ದರು. ಕಾಯೆತಾನ್ ನಂಬಿ ಮಾಡುತ್ತಿದ್ದ.

"ಬಾಯಿ ತೆಗೆದ್ರೆ ಸುಳ್ಳು ನಿಂದು" ಎಂದು ನಾನು ರೇಗಿಸುತ್ತಿದ್ದೆ. "ಆ ಬಟನ್ ಅಂಗಡಿಯವನು ಯಾವಾಗ ಬ್ಯಾರನ್ ಆದ?"

"ಸುಳ್ಳೆಲ್ಲಿ ಬಂತು ಲೇನಿ? ಒಳಗೆ ಬರೋವಾಗ ಅವನ ಬೆನ್ನು ಬಗ್ಗಿತ್ತು. ಈಗ ನೋಡು, ಹೋಗ್ತಾ ನೆಟ್ಟಗಾಗಿದೆ. ನನಗೇನು ಖರ್ಚು?"

ಟ್ರಾಟ್ನರ್ ಒಬ್ಬರಿಗೆ ಮಾತ್ರ ಅವನು ಯಾವ ಬಿರುದೂ ಅಂಟಿಸುತ್ತಿರಲಿಲ್ಲ. "ಮೇಷ್ಟ್ರೇ" ಎನ್ನುತ್ತಿದ್ದ, ಅಷ್ಟೆ. ಅದಕ್ಕಿಂತ ಮೇಲೆ ಮೆಟ್ಟಿಲೇ ಇಲ್ಲ ಎನ್ನುವುದು ಅವನ ಲೆಕ್ಕ.

ಟ್ರಾಟ್ನರ್ ಹರೆಯದಲ್ಲಿ ದೊಡ್ಡ ಹೆಸರು. ಅವರು ಪಿಯಾನೋ ನುಡಿಸುತ್ತಾರೆಂದರೆ ಹೆಂಗಸರು ಕೈಗವುಸು ಕಿತ್ತು ವೇದಿಕೆಗೆ ಎಸೆಯುತ್ತಿದ್ದರಂತೆ. ನುಡಿಸುವುದೆಲ್ಲ ಸ್ವಂತ ರಚನೆಗಳು. ಡಾಕ್ಟರ್ ಮೂರಾವರ್ ಎಂಬ ವಿಮರ್ಶಕ, ಆಗಿನ್ನೂ ಎಳೆಯ, ಒಂದು ವಾಕ್ಯ ಬರೆದ: 'ಹತ್ತು ಬೆರಳುಗಳು ಮನೆಯಲ್ಲಿವೆ, ಯಜಮಾನ ಮಾತ್ರ ಊರಲ್ಲಿಲ್ಲ.' ಊರೆಲ್ಲ ನಕ್ಕಿತು. ಆಮೇಲೆ ಬರೆದವರೆಲ್ಲ ಅದನ್ನೇ ಮಗುಚಿ ಮಗುಚಿ ಬರೆದರು. ಬೆರಳುಂಟು, ಹೃದಯವಿಲ್ಲ. ನುಡಿಸಬಲ್ಲ, ರಚಿಸಲಾರ. ಹೊಸ ಕೃತಿ ಕೇಳುವ ಮೊದಲೇ ತೀರ್ಪು ಸಿದ್ಧವಾಗಿರುತ್ತಿತ್ತು. ಟ್ರಾಟ್ನರ್ ಆ ವಾಕ್ಯವನ್ನು ಮೊದಲು ಓದಿದ್ದು ನಮ್ಮಲ್ಲೇ, ಒಲೆಯ ಪಕ್ಕದ ಅವರ ಮೇಜಿನಲ್ಲೇ. ಪತ್ರಿಕೆ ತಂದುಕೊಟ್ಟವನು ಕಾಯೆತಾನ್. ಆ ಮುಖ ಬಿಳಚಿಕೊಂಡದ್ದು, ಬಟ್ಟಲು ಉರುಳಿ ಕಾಫಿ ತೊಡೆಯ ಮೇಲೆ ಚೆಲ್ಲಿದರೂ ಅವರಿಗೆ ಗೊತ್ತಾಗದೆ ಹೋದದ್ದು, ಎಲ್ಲವನ್ನೂ ಅವನು ನೋಡಿದ್ದ. ಆ ಚಳಿಗಾಲವೆಲ್ಲ ಅವರು ಹಾಸಿಗೆ ಹಿಡಿದರು. ಬಿಸಿ ಸೂಪು ಹೊತ್ತುಕೊಂಡು ಅವರ ಕೋಣೆಗೆ ಹೋಗಿಬರುತ್ತಿದ್ದವನೂ ಇವನೇ.

ಇವನ ಹೆಂಡತಿ ವೆಟ್ಟಿ ತೀರಿಕೊಂಡದ್ದು ಅದಾಗಿ ಕೆಲವು ವರ್ಷಕ್ಕೆ, ಎದೆ ಬೇನೆಯಿಂದ. ಹೆರ್ನಾಲ್ಸ್‌ನ ಬಡ ಇಗರ್ಜಿಯಲ್ಲಿ ಮಣ್ಣಿನ ಪೂಜೆ. ಆರ್ಗನ್ ನುಡಿಸುವವನು ಕುಡಿದು ಎಲ್ಲೋ ಬಿದ್ದಿದ್ದ. ಪಾದ್ರಿ ಹಾಗೆಯೇ ಮುಗಿಸಲು ಹೊರಟಾಗ ಮೇಲಿನಿಂದ ಆರ್ಗನ್ ಶುರುವಾಯಿತು. ತಲೆಯೆತ್ತಿ ನೋಡುತ್ತೇವೆ, ಟ್ರಾಟ್ನರ್! ಯಾರೂ ಕರೆದಿರಲಿಲ್ಲ, ಯಾರೂ ಹೇಳಿರಲಿಲ್ಲ. ಅರಮನೆಗಳಲ್ಲಿ ನುಡಿಸಿದವರು ಒಬ್ಬ ಮಾಣಿಯ ಹೆಂಡತಿಗಾಗಿ ಆ ಗೂರಲು ಹಿಡಿದ ಆರ್ಗನ್ ಮುಂದೆ ಕೂತಿದ್ದರು. ಏನು ನುಡಿಸಿದರೋ, ಅವರದೇ ಏನೋ ಒಂದು. ಮಾತಿಗೆ ನಿಲುಕದಷ್ಟು ಸರಳ. ನಾನು ಅತ್ತೆ, ಪಾದ್ರಿ ಅತ್ತ. ಕಾಯೆತಾನ್ ಹೊರಗೆ ಬಂದವನೇ ನನ್ನ ಕೈ ಹಿಡಿದು, "ಕೇಳಿದ್ಯಾ ಲೇನಿ? ಹೃದಯ ಇಲ್ವಂತೆ ಅವರಿಗೆ! ಬರೆದವನ ಕೈಗೆ ಹುಳ ಬೀಳ" ಎಂದ. ಅವನ ಬಾಯಲ್ಲಿ ಶಾಪ ಬಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಮುಂದೆ ಟ್ರಾಟ್ನರ್ ವೇದಿಕೆಯನ್ನೇ ಬಿಟ್ಟರು. ಊರು ಅವರನ್ನು ಮರೆಯಿತು, ಹೊಸ ಬೆರಳುಗಳು ಬಂದವು. ಗೆಳೆಯರು ಕೆಲವರು ಸತ್ತರು, ಉಳಿದವರನ್ನು ಅವರೇ ದೂರವಿಟ್ಟರು. ಬಾಡಿಗೆ ಕೋಣೆ, ನಮ್ಮ ಕಾಫಿಮನೆ, ಇಷ್ಟೇ ಅವರ ಲೋಕ. ವರ್ಷಗಟ್ಟಲೆ ಒಂದೇ ಕೃತಿಯನ್ನು ಬರೆದರು, ಅಳಿಸಿದರು, ಮತ್ತೆ ಬರೆದರು. ಪಿಯಾನೋ ಒಂದಕ್ಕೇ ಬರೆದ ದೊಡ್ಡ ಸೊನಾಟಾ. ಒಂದು ಫೆಬ್ರವರಿಯಲ್ಲಿ ಸಣ್ಣದೊಂದು ಸಭಾಂಗಣ ಹಿಡಿದು ತಾವೇ ಅದನ್ನು ನುಡಿಸಿದರು.

"ಇದೇ ಕೊನೆ ಕಾಯೆತಾನ್" ಎಂದಿದ್ದರು ಹಿಂದಿನ ದಿನ. "ಇದರಲ್ಲೂ ಅವರಿಗೆ ಏನೂ ಕಾಣಲಿಲ್ಲ ಅಂದ್ರೆ ಅವರು ಹೇಳಿದ್ದೇ ಸರಿ. ನಾನು ಹುಟ್ಟಿದ್ದೇ ದಂಡ."

"ಬಿಡ್ತು ಅನ್ನಿ ಮೇಷ್ಟ್ರೇ. ಮೊದ್ಲು ಕಾಫಿ ಕುಡೀರಿ."

ಕಾಯೆತಾನ್ ರಜೆ ಹಾಕಿ ಆ ಸಂಗೀತ ಕಚೇರಿಗೆ ಹೋದ. ಹಿಂದುಗಡೆ ನಿಂತು ಕೇಳಿದ. ಮರುದಿನ ನಾನು ಹೇಗಿತ್ತೋ ಎಂದರೆ ತಲೆ ಕೆರೆದುಕೊಂಡ. "ನಂಗೇನು ಗೊತ್ತಾಗತ್ತೆ? ಎರಡು ಮೂರು ಕಡೆ ಕೈ ತಡವರಿಸ್ತು. ಜನ ಕೆಮ್ಮಿದ್ರು. ಮಧ್ಯದಲ್ಲಿ ಒಂದು ಕಡೆ ಯಾಕೋ ವೆಟ್ಟಿ ನೆನಪಾದ್ಲು. ಆಮೇಲೆ ಕೇಳೋಕೇ ಆಗ್ಲಿಲ್ಲ, ಮುಖ ಒರೆಸ್ಕೊಂಡೆ."

ವಿಮರ್ಶೆ ಬಂದದ್ದು ಅದರ ಮರುದಿನದ ಪತ್ರಿಕೆಯಲ್ಲಿ. ನಮ್ಮ ಪತ್ರಿಕೆಗಳಲ್ಲಿ ಮುಖಪುಟದ ಕೆಳಭಾಗಕ್ಕೆ ದಪ್ಪ ಗೆರೆ ಎಳೆದು, ಗೆರೆಯ ಕೆಳಗೆ ನಾಟಕ ಸಂಗೀತದ ಬರಹ ಹಾಕುತ್ತಾರೆ. ಬೆಳಿಗ್ಗೆ ಗಿರಾಕಿಗಳು ಓದಲೆಂದು ಪತ್ರಿಕೆಗಳನ್ನು ಬೆತ್ತದ ಚೌಕಟ್ಟಿಗೆ ಸಿಕ್ಕಿಸುವುದು ಕಾಯೆತಾನ್ ಕೆಲಸ. ನಮ್ಮದು ಸಣ್ಣ ಕಾಫಿಮನೆ, ಪ್ರತಿ ಪತ್ರಿಕೆಗೂ ಒಂದೇ ಪ್ರತಿ. ಅವನು ತುಟಿ ಆಡಿಸುತ್ತ, ಹಾಳೆಯ ಕೊನೆಯ ಸಾಲಿನವರೆಗೂ ಓದಿದ. ಮುಖ ಕಪ್ಪಿಟ್ಟಿತು. ಗಲ್ಲಾದ ಹತ್ತಿರ ಬಂದು ಕೊನೆಯ ಸಾಲಿನ ಮೇಲೆ ಹೆಬ್ಬೆರಳು ಒತ್ತಿ ತೋರಿಸಿದ. ಮತ್ತೆ ಅದೇ ಮೂರಾವರ್. 'ಶ್ರೀ ಟ್ರಾಟ್ನರ್ ಅವರು ದಯವಿಟ್ಟು ಇನ್ನು ಪಿಯಾನೋ ಮುಚ್ಚಲಿ.'

"ಮೇಲೆ ಇನ್ನೂ ಇದೆ" ಎಂದ. "ಆಗ ಬೆರಳಾದ್ರೂ ಇತ್ತಂತೆ, ಈಗ ಅದೂ ತುಕ್ಕು ಹಿಡಿದಿದೆಯಂತೆ. ಮುದಿ ಕುದುರೆ ಅಂತಾನೆ, ಲೇನಿ. ಮುದಿ ಕುದುರೆ!"

ಹೇಳುತ್ತಲೇ ಪತ್ರಿಕೆಯನ್ನು ಮಡಿಸಿ, ಬಿಲಿಯರ್ಡ್ಸ್ ಮೇಜಿನ ಹೊದಿಕೆಯ ಕೆಳಗೆ ತುರುಕಿದ.

"ಏಯ್, ಏನು ಮಾಡ್ತಿದೀಯಾ? ಅವರು ಬಂದು ಕೇಳಲ್ವಾ?"

"ಬಂದಿಲ್ಲ ಅಂತೀನಿ."

"ನಿನ್ನ ತಲೆ! ಅವರೇನು ಎಳೆ ಮಗುವಾ? ಕೊಡು, ಓದ್ಲಿ, ಬೈಲಿ, ಅಳ್ಲಿ. ಬರೆದವನದು ಪಾಪ, ನಿಂಗ್ಯಾಕೆ?"

"ಹೋದ್ಸಲ ನಾನೇ ಕೊಟ್ಟಿದ್ದು" ಎಂದ ಕಾಯೆತಾನ್. "ಈ ಕೈಯಾರೆ. ಇನ್ನೊಂದ್ಸಲ ಕೊಡಲ್ಲ. ಕೊಟ್ರೆ ಸಾಯ್ತಾರೆ, ಲೇನಿ."

ನಾನು ಕೂಗಾಡಿದೆ. ಅವನು ಜಗ್ಗಲಿಲ್ಲ. ಅವನ ಮೇಜುಗಳ ವಿಷಯಕ್ಕೆ ಬಂದರೆ ಯಜಮಾನರ ಮಾತೂ ನಡೆಯುತ್ತಿರಲಿಲ್ಲ, ಗಲ್ಲಾದವಳ ಮಾತು ಯಾವ ಮೂಲೆಗೆ?

ಟ್ರಾಟ್ನರ್ ಬಂದರು. ಗಡ್ಡ ನೀಟಾಗಿ ಕತ್ತರಿಸಿಕೊಂಡಿದ್ದರು, ಕೊರಳಿಗೆ ಹೊಸ ಕಾಲರು ಪಟ್ಟಿ. ಕೂತು ಪತ್ರಿಕೆ ಕೇಳಿದರು. ಕಾಯೆತಾನ್ ಕಾಫಿ ಇಟ್ಟ, ನೀರಿನ ಲೋಟ ಇಟ್ಟ. "ಅದೊಂದು ಇವತ್ತು ಇನ್ನೂ ಬಂದಿಲ್ಲ ಮೇಷ್ಟ್ರೇ. ಅಂಚೆಯವನದು ಎಂದಿನ ಸೋಮಾರಿತನ" ಎಂದ. ಮಾರನೆಯ ದಿನ ಆ ದಿನದ ಪತ್ರಿಕೆ ಕೊಟ್ಟ. ಅದರಲ್ಲಿ ಏನಿರುತ್ತದೆ? ಅವರು ಹಾಳೆ ತಿರುವಿದರು, ಮತ್ತೆ ಮೊದಲಿನಿಂದ ತಿರುವಿದರು.

ಪೇಟೆಯಲ್ಲಿ ಬೇರೆ ಕಾಫಿಮನೆಗಳಿರಲಿಲ್ಲವೇ ಎಂದು ಕೇಳಬೇಡಿ. ಹೆಂಡತಿಯನ್ನು ಬಿಟ್ಟ ಗಂಡಸರನ್ನು ಈ ಊರಲ್ಲಿ ಬೇಕಾದಷ್ಟು ಕಂಡಿದ್ದೇನೆ, ತನ್ನ ಕಾಫಿಮನೆ ಬಿಟ್ಟವನನ್ನು ಒಬ್ಬನನ್ನೂ ಕಂಡಿಲ್ಲ. ಅದೂ ಅಲ್ಲದೆ, ಗುರುತಿಲ್ಲದ ಮಾಣಿಯ ಮುಂದೆ ನಿಂತು 'ನನ್ನ ಬಗ್ಗೆ ಏನಾದರೂ ಬರೆದಿದ್ದಾರೆಯೇ ನೋಡು' ಎಂದು ಕೇಳುವ ಜಾಯಮಾನದವರಲ್ಲ ಟ್ರಾಟ್ನರ್.

ಮೂರನೆಯ ದಿನ ಅವರು ಕಾಫಿ ಮುಟ್ಟಲೇ ಇಲ್ಲ. ಕಾಯೆತಾನ್‌ನನ್ನು ಕರೆದರು.

"ಆ ಮೊನ್ನೆಯ ಸಂಚಿಕೆ, ಬಂತಾ?"

"ಬಂತು ಮೇಷ್ಟ್ರೇ. ಯಾರೋ ಗಿರಾಕಿ ಎತ್ಕೊಂಡು ಹೋದ್ರು. ಆದ್ರೆ ನಾನು ನೋಡಿದೀನಿ."

"ಏನಿತ್ತು?"

ನಾನು ಗಲ್ಲಾದಿಂದ ಅವನನ್ನೇ ದುರುಗುಟ್ಟಿ ನೋಡಿದೆ. ಅವನು ನನ್ನ ಕಡೆ ತಿರುಗಲಿಲ್ಲ.

"ಏನೂ ಇರ್ಲಿಲ್ಲ."

"ಒಂದು ಸಾಲೂ?"

"ಒಂದು ಸಾಲೂ ಇಲ್ಲ ಮೇಷ್ಟ್ರೇ."

ಟ್ರಾಟ್ನರ್ ತಮ್ಮ ಕೈಗಳನ್ನು ಮೇಜಿನ ಮೇಲೆ ಇಟ್ಟು ನೋಡಿಕೊಂಡರು. "ಮೂರಾವರ್ ಬಂದಿದ್ದ. ಎರಡನೇ ಸಾಲಲ್ಲಿ ಕೂತಿದ್ದ, ನಾನೇ ನೋಡ್ದೆ. ಮನೆಗೆ ಹೋಗಿ ಒಂದು ಸಾಲೂ ಬರೀಬೇಕು ಅನ್ನಿಸ್ಲಿಲ್ಲ ಅವನಿಗೆ" ಎಂದರು. "ಬೈದಿದ್ರೂ ಆಗ್ತಿತ್ತು ಕಾಯೆತಾನ್. ಬೈಯೋಕಾದ್ರೂ ಎದುರಿಗೆ ಒಬ್ಬ ಮನುಷ್ಯ ಇದಾನೆ ಅಂತ ಒಪ್ಕೋಬೇಕಲ್ಲ" ಎಂದರು. ನೀರು ಕುಡಿದು ಎದ್ದರು. ಕಾಯೆತಾನ್ ಕೋಟು ತೊಡಿಸಿ ಬಾಗಿಲು ತೆರೆದ. ನನ್ನ ಹತ್ತಿರ ಬಂದು, "ನೋಡಿದ್ಯಾ, ತಡ್ಕೊಂಡ್ರು. ಸೂಪು ಹೊರೋ ಕೆಲ್ಸ ಬರ್ಲಿಲ್ಲ ಈ ಸಲ" ಎಂದ. ಅವನ ಮುಖದಲ್ಲಿ ಸಮಾಧಾನವಿತ್ತು.

ಟ್ರಾಟ್ನರ್ ಹೆಣವಾಗಿ ಸಿಕ್ಕಿದ್ದು ಡ್ಯಾನ್ಯೂಬ್ ಕಾಲುವೆಯಲ್ಲಿ. ಮಂಜುಗಡ್ಡೆಯ ಮೇಲೆ ಕಾಲು ಜಾರಿತು ಎಂದು ಪೊಲೀಸರು ಬರೆದುಕೊಂಡರು, ಪಾದ್ರಿಯೂ ಹಾಗೆಂದೇ ಒಪ್ಪಿಕೊಂಡು ಮಣ್ಣು ಕೊಟ್ಟರು. ಜಾರಲಿಲ್ಲ ಎನ್ನುವುದು ಅವರ ಮನೆಯೊಡತಿಗೆ ಗೊತ್ತಿತ್ತು. ಅವಳೇ ನಮ್ಮಲ್ಲಿಗೆ ಬಂದು ಹೇಳಿದಳು: "ಒಲೆ ತುಂಬ ಕಾಗದದ ಬೂದಿ ಕಣ್ರೀ. ಸಂಗೀತ ಬರೀತಿದ್ರಲ್ಲ, ಆ ಗೆರೆ ಎಳೆದ ಹಾಳೆಗಳು. ಒಂದೂ ಬಿಟ್ಟಿಲ್ಲ." ಸೊನಾಟಾ ಅಚ್ಚಾಗಿರಲಿಲ್ಲ. ಇದ್ದದ್ದು ಅದೊಂದೇ ಪ್ರತಿ. ಕಾಯೆತಾನ್ ತಟ್ಟೆ ಹಿಡಿದುಕೊಂಡೇ ನಿಂತು ಕೇಳಿದ. "ಯಾಕೆ?" ಎಂದ. ಮತ್ತೆ, "ಯಾರೂ ಏನೂ ಅಂದಿರ್ಲಿಲ್ವಲ್ಲ, ಯಾಕೆ?" ಎಂದ. ಅವಳಿಗೆ ಏನು ಗೊತ್ತು, ಕಣ್ಣೊರೆಸಿಕೊಂಡು ಹೋದಳು.

ಸಾವಿನ ಮೆರವಣಿಗೆ ಎಂದರೆ ಈ ಊರು ಎಲ್ಲಿದ್ದರೂ ಎದ್ದು ಬರುತ್ತದೆ. ಕರಿ ಕುದುರೆ, ಗರಿ, ದೀಪ, ಎಲ್ಲಿಂದಲೋ ನೆರೆದ ಜನ. ಬದುಕಿದ್ದಾಗ ಆ ಸಭಾಂಗಣದ ಅರ್ಧ ಕುರ್ಚಿಯನ್ನೂ ತುಂಬದವರು ಬೀದಿಯ ಎರಡೂ ಬದಿ ತುಂಬಿದ್ದರು. ಮಣ್ಣು ಮುಗಿಸಿ ಕೆಲವರು ನಮ್ಮ ಕಾಫಿಮನೆಗೆ ಬಂದು ಬೆಚ್ಚಗೆ ಕೂತರು. ಅವರಲ್ಲಿ ಒಬ್ಬ ಉದ್ದನೆಯ ಮನುಷ್ಯ, ತುಪ್ಪಳದ ಕಾಲರು, ಕೆಂಪು ಮೂಗು. ಕಾಯೆತಾನ್ ಅವನಿಗೆ, "ಏನು ಕೊಡ್ಲಿ ಪ್ರೊಫೆಸರೇ?" ಎಂದ.

"ಪ್ರೊಫೆಸರ್ ಅಲ್ಲಪ್ಪ, ಬರೀ ಡಾಕ್ಟರ್. ಮೂರಾವರ್" ಎಂದ ಆತ.

ಕಾಯೆತಾನ್ ಅಲ್ಲೇ ನಿಂತುಬಿಟ್ಟ. ಮೂರಾವರ್ ತನ್ನಷ್ಟಕ್ಕೆ ಮಾತಾಡುತ್ತಲೇ ಇದ್ದ: "ಇಲ್ಲೇ ಕೂರ್ತಿದ್ರಂತಲ್ಲ? ವಿಚಿತ್ರ ಮನುಷ್ಯ. ನಾನು ಜನ್ಮದಲ್ಲಿ ಯಾರ ಬಗ್ಗೆಯೂ ಹಾಗೆ ಬರೆದಿರ್ಲಿಲ್ಲ. ಹಳೇ ಮಾತಿಗೆ ಕ್ಷಮೆ ಕೂಡ ಕೇಳಿದ್ದೆ. ಒಂದು ಚೀಟಿ ಬರಬಹುದು ಅಂತ ಕಾದೆ. ಊಹೂಂ. ಅಷ್ಟು ಹೊಗಳಿದ್ರೂ ತೃಪ್ತಿಯಾಗ್ಲಿಲ್ವೇನೋ."

"ಹೊಗಳಿದ್ರಾ?" ಎಂದ ಕಾಯೆತಾನ್.

"ಓದ್ಲಿಲ್ವಾ ನೀನು?"

ಕಾಯೆತಾನ್ ಬಿಲಿಯರ್ಡ್ಸ್ ಮೇಜಿನತ್ತ ಹೋದ. ಇಬ್ಬರು ಆಡುತ್ತಿದ್ದರು. ಒಂದು ಮೂಲೆಗೆ ಒಟ್ಟಿದ್ದ ಹೊದಿಕೆಯ ಮಡಿಕೆಯಿಂದ ಪತ್ರಿಕೆ ಎಳೆದು ತಂದ. ತಾನು ಓದಲಿಲ್ಲ. ನನ್ನ ಮುಂದೆ ಇಟ್ಟ. "ಓದು ಲೇನಿ" ಎಂದ. ನಾನು ಮುಖಪುಟದ ಕೊನೆಯ ಸಾಲು ಓದಿದೆ, ಪಿಯಾನೋ ಮುಚ್ಚಲಿ ಎಂಬುದು. ಅಲ್ಲಿ ಲೇಖನ ಮುಗಿದಿರಲಿಲ್ಲ. ಹಾಳೆ ತಿರುವಿದೆ. ಹಿಂದಿನ ಪುಟದಲ್ಲೂ ಗೆರೆ, ಗೆರೆಯ ಕೆಳಗೆ ಅದೇ ಬರಹ ಮುಂದುವರಿದಿತ್ತು.

'ಮುಚ್ಚಲಿ, ಏಕೆಂದರೆ ಈ ಕೃತಿಗೆ ಇನ್ನು ಅವರ ದಣಿದ ಕೈಗಳ ಆಸರೆ ಬೇಕಿಲ್ಲ. ಇದು ನಮ್ಮೆಲ್ಲರಿಗಿಂತ ಹೆಚ್ಚು ಕಾಲ ಬದುಕುತ್ತದೆ. ಹರೆಯದ ಹುಮ್ಮಸ್ಸಿನಲ್ಲಿ ನಾನು ಈ ಮನುಷ್ಯನಿಗೆ ಹೃದಯವಿಲ್ಲವೆಂದು ಬರೆದೆ, ಇತರರು ಅದನ್ನೇ ನಂಬಿದರು. ಆ ಮಾತನ್ನು ಈಗ ಹಿಂತೆಗೆದುಕೊಳ್ಳುತ್ತೇನೆ, ನಾಚಿಕೆಯಿಂದ. ಎರಡನೆಯ ಭಾಗವನ್ನು ಕೇಳಿದವರಿಗೆ ನನ್ನ ಮಾತಿನ ಅಗತ್ಯವಿಲ್ಲ. ಹೆರ್ನಾಲ್ಸ್‌ನಲ್ಲಿ ಒಬ್ಬ ಮಾಣಿಯ ಹೆಂಡತಿಯ ಮಣ್ಣಿಗೆ ನುಡಿಸಿದ್ದು ಎಂದಷ್ಟೇ ಕಾರ್ಯಕ್ರಮದ ಹಾಳೆಯಲ್ಲಿತ್ತು.'

ಕಾಯೆತಾನ್‌ಗೆ ಹಣದ ಕಷ್ಟ. ಹಿಂದೆ ನಿಲ್ಲುವ ಚೀಟಿ ಕೊಂಡಿದ್ದನೇ ಹೊರತು ಕಾರ್ಯಕ್ರಮದ ಹಾಳೆ ಕೊಂಡಿರಲಿಲ್ಲ.

"ವೆಟ್ಟಿದು" ಎಂದ ಅವನು. "ನನ್ನ ವೆಟ್ಟಿದು ಅದು!"

ನನಗೆ ಎಲ್ಲಿತ್ತೋ ಸಿಟ್ಟು, ಮೂರಾವರ್ ಮೇಲೆ ತಿರುಗಿದೆ. "ಯಾಕ್ರೀ ಸ್ವಾಮಿ, ಬೈಗುಳಕ್ಕೆ ಮುಖಪುಟ, ಹೊಗಳಿಕೆಗೆ ಹಿಂದಿನ ಪುಟಾನಾ? ಇದನ್ನೇ ಮೊದ್ಲು ಬರೆದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ಓದುಗರನ್ನ ಹಿಡಿದು ಕೂರಿಸ್ಬೇಕಲ್ಲಮ್ಮ" ಎಂದ ಆತ. ಕೊಂಕಿನಿಂದಲ್ಲ, ನಿಜವಾಗಿಯೇ ಹೇಳಿದ.

ಕಾಯೆತಾನ್ ನಮ್ಮ ಮಾತು ಕೇಳುತ್ತಲೇ ಇರಲಿಲ್ಲ. ಮೂರಾವರ್‌ನ ತೋಳು ಹಿಡಿದ. ಗಿರಾಕಿಯನ್ನು ಅವನು ಮುಟ್ಟಿದ್ದನ್ನು ನಾನು ಅದೇ ಮೊದಲು ನೋಡಿದ್ದು. "ಡಾಕ್ಟರೇ, ನೀವು ಕೇಳಿದೀರಿ. ನಿಮಗೆ ಸ್ವರ ಬರಕೊಳ್ಳೋಕೆ ಬರತ್ತಲ್ಲ? ಬರಕೊಳ್ಳಿ, ಈಗ್ಲೇ, ಎರಡನೇ ಭಾಗ."

"ಒಂದೇ ಸಲ ಕೇಳಿದ್ದು ಕಣಪ್ಪ. ಶುರು ಹೇಗಿತ್ತು ಅಂತಾನೂ ಈಗ..."

"ನಾನು ಎರಡು ಸಲ ಕೇಳಿದೀನಿ! ನಾನು ಹೇಳ್ಕೊಡ್ತೀನಿ, ನೀವು ಬರಕೊಳ್ಳಿ."

ಹಾಗೆಂದವನೇ, ಕಾಫಿಮನೆಯ ನಡುವೆ, ತಟ್ಟೆಯನ್ನು ಎದೆಗೆ ಅವಚಿಕೊಂಡು ಹಾಡಲು ತೊಡಗಿದ. ಅಯ್ಯೋ ದೇವರೇ. ಬಾಗಿಲು ಕಿರುಗುಟ್ಟುವ ಹಾಗಿತ್ತು ಆ ದನಿ. ಬಿಲಿಯರ್ಡ್ಸ್ ಆಡುವವರು ನಕ್ಕರು. ಮೂರಾವರ್ ನಗಲಿಲ್ಲ. ಕಿಸೆಯಿಂದ ಪೆನ್ಸಿಲ್ ತೆಗೆದು ಹಿಡಿದು, ತಲೆ ಬಾಗಿಸಿ, ಬಹಳ ಹೊತ್ತು ಕೇಳಿದ. ಒಂದು ಸ್ವರವನ್ನೂ ಬರೆಯಲಾಗಲಿಲ್ಲ. ಕೊನೆಗೆ ಪೆನ್ಸಿಲನ್ನು ಒಳಗಿಟ್ಟು, ಟೋಪಿ ತೆಗೆದುಕೊಂಡು ಹೊರಟುಹೋದ. ಬಾಗಿಲು ಮುಚ್ಚಿಕೊಂಡ ಮೇಲೂ ಕಾಯೆತಾನ್ ಹಾಡುತ್ತಿದ್ದ. ನಾನೇ ಹೋಗಿ ಅವನ ಕೈಯಿಂದ ತಟ್ಟೆ ಬಿಡಿಸಿಕೊಂಡೆ.

ಆಮೇಲಿನದು ನಿಮಗೆ ಗೊತ್ತೇ ಇದೆ. ಮೂರಾವರ್ ಮತ್ತೆ ಬರೆದ, ಈ ಸಲ ಮುಖಪುಟದಲ್ಲೇ. ಉಳಿದವರು ಅವನ ಹಿಂದೆ ಓಡಿದರು. ಸುಟ್ಟುಹೋದ ಸೊನಾಟಾ ವರ್ಷ ವರ್ಷ ದೊಡ್ಡದಾಗುತ್ತ ಹೋಯಿತು. ಅದನ್ನು ಕೇಳಿಯೇ ಇಲ್ಲದವರೂ ಅದರ ಎರಡನೆಯ ಭಾಗದ ಬಗ್ಗೆ ಪುಟಗಟ್ಟಲೆ ಬರೆದರು. ಕೃತಿ ಕೈಯಲ್ಲಿಲ್ಲದಿದ್ದರೆ ಹೊಗಳುವುದಕ್ಕೆ ಎಷ್ಟು ಆರಾಮ! ಹರೆಯದಲ್ಲಿ ಬರೆದದ್ದೆಲ್ಲ ಈಗ ಹೃದಯದಿಂದ ಬಂದದ್ದಾಯಿತು. ನಮ್ಮ ಯಜಮಾನರು ಒಲೆಯ ಪಕ್ಕದ ಮೇಜಿನ ಮೇಲೆ ಅವರ ಪಟ ತೂಗುಹಾಕಿ, ಅಲ್ಲಿ ಕೂರುವವರಿಂದ ಕಾಫಿಗೆ ಹೆಚ್ಚು ವಸೂಲಿ ಮಾಡತೊಡಗಿದರು.

ಕಾಯೆತಾನ್ ಆ ದಿನದಿಂದ ಯಾರನ್ನೂ ಯಾವ ಬಿರುದಿನಿಂದಲೂ ಕರೆಯಲಿಲ್ಲ. ಗುಮಾಸ್ತನಿಗೆ ಗುಮಾಸ್ತರೇ ಎಂದ, ಬಟನ್ ಅಂಗಡಿಯವನಿಗೆ ಬಟನ್ ಅಂಗಡಿಯವರೇ ಎಂದ. ಪತ್ರಿಕೆ ಕೊಡುವಾಗ, "ಹಿಂದಿನ ಪುಟಾನೂ ಓದಿ" ಎಂದು ಪ್ರತಿಯೊಬ್ಬನಿಗೂ ಹೇಳುತ್ತ ಮೇಜಿನ ಹತ್ತಿರವೇ ಕಾದು ನಿಲ್ಲುತ್ತಿದ್ದ. ಗಿರಾಕಿಗಳಿಗೆ ಮುಜುಗರವಾಯಿತು. ಯಜಮಾನರು ಸ್ವಲ್ಪ ಕಾಲ ಸಹಿಸಿದರು, ಆಮೇಲೆ ಬಿಡಿಸಿದರು. ಮಕ್ಕಳಿರಲಿಲ್ಲ. ಬಡವರ ಆಶ್ರಯಕ್ಕೆ ಸೇರಿದ.

ಭಾನುವಾರ ನಾನು ಬ್ರೆಡ್ಡು ಕಟ್ಟಿಕೊಂಡು ಹೋಗುತ್ತೇನೆ. ಈಗ ಅವನಿಗೆ ನನ್ನ ಗುರುತೂ ಒಮ್ಮೊಮ್ಮೆ ಸಿಗುವುದಿಲ್ಲ. ಆದರೆ ಕೂತ ಕೂಡಲೇ ನನ್ನ ಮುಂಗೈ ಹಿಡಿದು, "ಇವತ್ತು ನೆನಪಾಯ್ತು, ಕೇಳು, ಸರಿಯಾಗಿ ಕೇಳ್ಕೋ, ನೀನೂ ಇದ್ಯಲ್ಲ ಅಲ್ಲಿ" ಎನ್ನುತ್ತಾನೆ. ಕಣ್ಣು ಮುಚ್ಚಿ ಹಾಡುತ್ತಾನೆ. ಮುಗಿಸಿ, ಉಸಿರು ಬಿಗಿಹಿಡಿದು ನನ್ನ ಮುಖ ನೋಡುತ್ತಾನೆ.

"ಇದೇ ತಾನೇ ಲೇನಿ?"

ಪ್ರತಿ ಭಾನುವಾರವೂ ಬೇರೆ ಬೇರೆ ರಾಗ. ಇದೇ ಕಣೋ ಎನ್ನಬೇಕೆಂದು ಪ್ರತಿ ಸಲ ಅಂದುಕೊಂಡೇ ಹೋಗುತ್ತೇನೆ. ಆದರೆ ಅವನ ಮುಖ ನೋಡಿದ ಮೇಲೆ ಸುಳ್ಳು ಹೇಳಲು ನನಗೆ ಬಾಯಿ ಬರುವುದಿಲ್ಲ.

"ಇದಲ್ಲ ಕಾಯೆತಾನ್" ಎನ್ನುತ್ತೇನೆ.

ಅವನು ತಲೆಯಾಡಿಸಿ, ಮತ್ತೆ ಮೊದಲಿನಿಂದ ಶುರು ಮಾಡುತ್ತಾನೆ.